ಆಮೇಲಪ್ಪನವರ ಅರ್ಧರಾತ್ರಿ

ಬೆಂಗಳೂರಿನಲ್ಲಿ ಆಮೇಲಪ್ಪನವರಿಲ್ಲದ ಸಾಫ್ಟ್‌ವೇರ್ ಕಚೇರಿ ಸಿಗುವುದು ಕಷ್ಟ. ಕೊರಳಿನ ಗುರುತುಚೀಟಿಯಲ್ಲಿ ಬೇರೆ ಹೆಸರಿರುತ್ತದೆ. ಕೆಲವು ಕಡೆ ಅವರು ಆಮೇಲಮ್ಮನೂ ಆಗಿರುತ್ತಾರೆ. ಲಕ್ಷಣ ಮಾತ್ರ ಒಂದೇ. ಬಟನ್ ಒತ್ತಿದ ಗ್ರಾಹಕ ಚಕ್ರ ತಿರುಗುವುದನ್ನೇ ನೋಡುತ್ತ ಕೂರಬೇಕಾಗಿದೆ ಎಂದು ಯಾರಾದರೂ ದೂರು ತಂದರೆ, ಅವರು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, “ಬ್ಯಾಕ್‌ಗ್ರೌಂಡಿಗೆ ಹಾಕ್ಬಿಡೋಣ ಸರ್” ಎನ್ನುತ್ತಾರೆ. ತಿಂಗಳ ವರದಿ ಬೇಕೆಂದರೆ, “ರಾತ್ರಿಗೆ ಹಾಕ್ತೀನಿ ಮೇಡಂ.” ಹಳೆಯ ಫೈಲುಗಳಿಂದ ಡಿಸ್ಕ್ ತುಂಬಿದೆ ಎಂದರೆ, “ವಾರಕ್ಕೊಂದ್ಸಲ ತಾನೇ ಅಳಿಸ್ಕೊಳ್ಳೋ ಹಾಗೆ ಒಂದು ಜಾಬ್ ಬರೀತೀನಿ, ನೀವು ತಲೆ ಕೆಡಿಸ್ಕೋಬೇಡಿ.” ಇವರನ್ನು ಸೋಮಾರಿ ಎನ್ನುವವರಿದ್ದಾರೆ. ಆ ಆಪಾದನೆ ನಿಲ್ಲುವುದಿಲ್ಲ. ಸೋಮಾರಿ ಕೆಲಸ ಮುಂದೂಡುವಾಗ ಒಳಗೊಳಗೇ ಅಳುಕುತ್ತಾನೆ. ಆಮೇಲಪ್ಪನವರು ಗೆದ್ದ ಮುಖದಲ್ಲಿ ಕಾಫಿಗೆ ಏಳುತ್ತಾರೆ. ಗಡಿಯಾರದ ಕಿವಿಗೆ ಹಾಕಿದ ಮೇಲೆ ಕೆಲಸ ಆದ ಹಾಗೇ ಎಂಬುದು ಅವರ ನಂಬಿಕೆ. ಅವರ ಒಳ್ಳೆಯತನವೂ ಅವರು ತರುವ ಅವಾಂತರವೂ ಈ ಒಂದು ನಂಬಿಕೆಯಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ.

ಒಳ್ಳೆಯತನದ ಲೆಕ್ಕ ಮೊದಲು ಮುಗಿಸೋಣ, ಆಮೇಲೆ ಕೈಬಿಟ್ಟುಹೋದೀತು. ಟಿಕೆಟ್ ಬುಕ್ ಮಾಡಿದವನಿಗೆ ಸೀಟು ಸಿಕ್ಕಿತೇ ಇಲ್ಲವೇ ಎಂಬುದು ಆ ಕ್ಷಣಕ್ಕೆ ಗೊತ್ತಾಗಬೇಕು. ರಸೀದಿಯ ಇಮೇಲ್ ಅರ್ಧ ನಿಮಿಷ ತಡವಾಗಿ ಬಂದರೆ ಅವನೇನೂ ಮುನಿಸಿಕೊಳ್ಳುವುದಿಲ್ಲ. ಫೋಟೋ ಕುಗ್ಗಿಸುವುದು, ಬಿಲ್ಲನ್ನು ಪಿಡಿಎಫ್ ಮಾಡುವುದು, ಎಸ್ಸೆಮ್ಮೆಸ್ ಕಳಿಸುವುದು, ಇವನ್ನೆಲ್ಲ ಸರದಿಗೆ ಹಾಕಿ ಗ್ರಾಹಕನನ್ನು ಬೇಗ ಕಳಿಸಿಕೊಡುವುದು ಸೌಜನ್ಯವೇ ಸರಿ. ಈ ಪದ್ಧತಿಯ ಮನೆತನವೂ ಸಣ್ಣದಲ್ಲ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ನಡೆಸುವ ಕ್ರಾನ್ ಎಂಬ ಸಣ್ಣ ಪ್ರೋಗ್ರಾಂ 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲೇ ಇತ್ತು. ನಿಮಿಷಕ್ಕೊಮ್ಮೆ ಎದ್ದು, ಪಟ್ಟಿ ನೋಡಿ, ಕೆಲಸವಿದ್ದರೆ ಶುರುಮಾಡಿ, ಮತ್ತೆ ಮಲಗುವುದು ಅದರ ದಿನಚರಿ. 1987ರಲ್ಲಿ ಪಾಲ್ ವಿಕ್ಸಿ ಅದನ್ನು ಹೊಸದಾಗಿ ಬರೆದರು. ಇಂದಿನ ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ ಓಡುತ್ತಿರುವುದು ಅದರ ಸಂತಾನವೇ. ಇಷ್ಟು ವರ್ಷ ಬಾಳಿದ ಉಪಕರಣವನ್ನು ನಂಬಿದ್ದಕ್ಕೆ ಆಮೇಲಪ್ಪನವರನ್ನು ಬಯ್ಯುವ ಹಾಗಿಲ್ಲ. ಬಯ್ಯಬೇಕಾದದ್ದು ಅವರು ಅದಕ್ಕೆ ಒಪ್ಪಿಸುವ ವೇಳೆಯ ಬಗ್ಗೆ.

ಅದು ಯಾವಾಗಲೂ ರಾತ್ರಿ ಹನ್ನೆರಡು. ಕ್ರಾನ್ ಸಾಲಿನಲ್ಲಿ ಐದು ಮನೆಗಳಿರುತ್ತವೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲಪ್ಪನವರ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಬ್ಯಾಕಪ್‌ಗೆ 0 0 * * *. ದಿನದ ವರದಿಗೆ 0 0 * * *. ಹಳೆಯ ಲಾಗ್ ಅಳಿಸಲು, ಚಂದಾ ಮುಗಿದವರನ್ನು ಹುಡುಕಲು, ಹುಟ್ಟುಹಬ್ಬದ ಶುಭಾಶಯಕ್ಕೆ, ಮಾರಾಟ ವಿಭಾಗದವರು ಎಂದೂ ತೆರೆಯದ ಆ ಎಕ್ಸೆಲ್ ಹಾಳೆಗೆ, ಎಲ್ಲಕ್ಕೂ 0 0 * * *. ದಿನಕ್ಕೆ 1440 ನಿಮಿಷಗಳಿವೆ. ಆಮೇಲಪ್ಪನವರ ಪಾಲಿಗೆ ಅವುಗಳಲ್ಲಿ ಒಂದೇ ನಿಮಿಷ ವಾಸಯೋಗ್ಯ. ಕಾರಣ ಕೇಳಿದರೆ, “ಆ ಹೊತ್ನಲ್ಲಿ ಯಾರೂ ಇರಲ್ಲ ಸರ್” ಎನ್ನುತ್ತಾರೆ. ಮನುಷ್ಯರು ಇರುವುದಿಲ್ಲ, ನಿಜ. ಆದರೆ ಆ ಹೊತ್ತಿಗೆ ಅವರ ಎಲ್ಲ ಜಾಬುಗಳೂ ಇರುತ್ತವೆ, ಪಕ್ಕದ ತಂಡದ ಆಮೇಲಪ್ಪನವರ ಜಾಬುಗಳೂ ಇರುತ್ತವೆ. ಬ್ಯಾಕಪ್ ಓದುತ್ತಿರುವ ಟೇಬಲ್ಲಿನಿಂದಲೇ ಲಾಗ್ ಅಳಿಸುವವನು ಅಳಿಸುತ್ತಿರುತ್ತಾನೆ, ವರದಿಯವನು ಅದರ ಮೇಲೇ ಕೂಡುತ್ತಿರುತ್ತಾನೆ. ಹನ್ನೆರಡಕ್ಕೆ ಡೇಟಾಬೇಸಿನ ಉಸಿರು ಕಟ್ಟುತ್ತದೆ. ಹನ್ನೆರಡೂವರೆಯಿಂದ ಬೆಳಗಿನವರೆಗೆ ಅದು ಆಕಳಿಸುತ್ತ ಕೂತಿರುತ್ತದೆ. ಇದು ಒಬ್ಬಿಬ್ಬರ ಚಾಳಿಯಾಗಿದ್ದರೆ ಉಪಕರಣ ಮಾಡುವವರು ಅದಕ್ಕೆ ಮದ್ದು ಅರೆಯುತ್ತಿರಲಿಲ್ಲ. ಜೆಂಕಿನ್ಸ್‌ನಲ್ಲಿ ನಿಮಿಷದ ಮನೆಯಲ್ಲಿ ಅಂಕಿಯ ಬದಲು ‘ಎಚ್’ ಎಂದು ಬರೆದರೆ, ಅದೇ ಒಂದೊಂದು ಜಾಬಿಗೆ ಒಂದೊಂದು ನಿಮಿಷ ಹಂಚಿಕೊಡುತ್ತದೆ. ಸಿಸ್ಟಂಡಿ ಟೈಮರಿನಲ್ಲಿ, ಮನಸ್ಸಿಗೆ ಬಂದಷ್ಟು ತಡಮಾಡಿ ಹೊರಡು ಎಂದು ಹೇಳುವ ಸೌಲಭ್ಯವಿದೆ. ಪ್ರತಿ ಗಂಟೆಯ ಆರಂಭದಲ್ಲಿ ನೂಕುನುಗ್ಗಲಿರುತ್ತದೆ, ನಿಮ್ಮ ಜಾಬ್ ತಡವಾದೀತು, ಬೇರೆ ನಿಮಿಷ ಆರಿಸಿಕೊಳ್ಳಿ ಎಂದು ಗಿಟ್‌ಹಬ್ ತನ್ನ ಕೈಪಿಡಿಯಲ್ಲೇ ವಿನಂತಿಸಿಕೊಂಡಿದೆ. ಆಮೇಲಪ್ಪನವರು ಅದನ್ನು ಓದಿದ್ದಾರೆ. 12 ಗಂಟೆ 37 ನಿಮಿಷ ಎಂದು ಬರೆಯಲು ಅವರಿಗೆ ಕೈ ಬರುವುದಿಲ್ಲ. ದುಂಡಗಿಲ್ಲದ ಸಂಖ್ಯೆ ಎಂದರೆ ಅವರಿಗೆ ಏನೋ ಅಪಚಾರ.

ಆ ಹನ್ನೆರಡು ಗಂಟೆ ಯಾವ ಊರಿನದು ಎಂಬುದು ಇನ್ನೊಂದು ಪೇಚು. ಬಾಡಿಗೆಗೆ ಪಡೆದ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಕಾಲವನ್ನೇ ಅನುಸರಿಸುತ್ತವೆ. ನಮ್ಮ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಆಮೇಲಪ್ಪನವರು ಯಾರೂ ಇಲ್ಲದ ಹೊತ್ತೆಂದು ಆರಿಸಿದ ಮಧ್ಯರಾತ್ರಿ, ಜಯನಗರದಲ್ಲಿ ಹಾಲಿನ ಬೂತ್ ತೆರೆಯುವ ಬೆಳಗಿನ ಐದೂವರೆ. ಹುಟ್ಟುಹಬ್ಬದ ಸಂದೇಶ ಆಗ ಬಂದರೆ ನಿದ್ದೆ ಕೆಟ್ಟವರು ಗೊಣಗಿ ಸುಮ್ಮನಾದಾರು. ವರದಿಯ ಕತೆ ಹಾಗಲ್ಲ: ‘ನಿನ್ನೆಯ ಮಾರಾಟ’ದಲ್ಲಿ ಇಂದಿನ ರಾತ್ರಿ ಹನ್ನೆರಡರಿಂದ ಐದೂವರೆವರೆಗಿನದು ಸೇರಿಕೊಂಡಿರುತ್ತದೆ, ನಿನ್ನೆಯ ಅಷ್ಟೇ ಹೊತ್ತು ಮೊನ್ನೆಯ ಪಾಲಾಗಿರುತ್ತದೆ. ಮೊತ್ತ ಸುಮಾರಾಗಿ ಸರಿಯಾಗಿಯೇ ಕಾಣುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಹಕರು ಅಮೆರಿಕದವರಾದರೆ ಮೋಜು ಹೆಚ್ಚು. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಮಾರ್ಚಿನ ಎರಡನೆಯ ಭಾನುವಾರ ರಾತ್ರಿ ಎರಡು ಗಂಟೆಯಿಂದ ಗಡಿಯಾರ ನೇರವಾಗಿ ಮೂರಕ್ಕೆ ಜಿಗಿಯುತ್ತದೆ. ನವೆಂಬರಿನ ಮೊದಲ ಭಾನುವಾರ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಎರಡೂವರೆಗೆ ಹಾಕಿದ ಜಾಬಿಗೆ ಮಾರ್ಚಿನ ಆ ದಿನ ಎರಡೂವರೆಯೇ ಇಲ್ಲ. ಒಂದೂವರೆಗೆ ಹಾಕಿದ್ದಕ್ಕೆ ನವೆಂಬರಿನ ಆ ದಿನ ಎರಡು ಒಂದೂವರೆ. ಕೆಲವು ಶೆಡ್ಯೂಲರುಗಳು ಇದನ್ನು ಸಂಭಾಳಿಸುತ್ತವೆ, ಕೆಲವು ಕೈಚೆಲ್ಲುತ್ತವೆ. ತಮ್ಮದು ಯಾವ ಜಾತಿಯದೆಂದು ಆಮೇಲಪ್ಪನವರು ವಿಚಾರಿಸುವುದು ನವೆಂಬರಿನಲ್ಲಿ.

ಅವರ ವ್ಯಾಕರಣದ ಬಗ್ಗೆಯೂ ಎರಡು ಮಾತು ಆಗಿಬಿಡಲಿ. ಶುಕ್ರವಾರ ಬರುವ ಹದಿಮೂರನೇ ತಾರೀಖಿಗೆ ಮಾತ್ರ ಎಂದುಕೊಂಡು ತಾರೀಖಿನ ಮನೆಯಲ್ಲಿ 13, ವಾರದ ಮನೆಯಲ್ಲಿ 5 ತುಂಬುತ್ತಾರೆ. ಕ್ರಾನ್ ಅದನ್ನು ಎಲ್ಲ ಹದಿಮೂರು, ಎಲ್ಲ ಶುಕ್ರವಾರ ಎಂದು ಓದಿಕೊಳ್ಳುತ್ತದೆ. ನಲವತ್ತು ನಿಮಿಷಕ್ಕೊಮ್ಮೆ ಎಂದು */40 ಬರೆಯುತ್ತಾರೆ. ಅದು ಗಂಟೆಯ ಆರಂಭಕ್ಕೊಮ್ಮೆ, ನಲವತ್ತಕ್ಕೊಮ್ಮೆ ಏಳುತ್ತದೆ, ಅಂದರೆ ಒಂದು ಸಲ ನಲವತ್ತು ನಿಮಿಷದ ಅಂತರ, ಮುಂದಿನ ಸಲ ಇಪ್ಪತ್ತು. ತಿಂಗಳ ಕೊನೆಗೆಂದು 31 ಹಾಕಿದರೆ ವರ್ಷಕ್ಕೆ ಏಳೇ ಸಂಬಳ. ಇದೆಲ್ಲ ಬೇಡವೆಂದು ಜಾವಾಸ್ಕ್ರಿಪ್ಟಿನ ಸೆಟ್‌ಟೈಮ್‌ಔಟ್‌ಗೆ ಮೊರೆಹೋಗುವ ಕಿರಿಯ ಆಮೇಲಪ್ಪಂದಿರಿದ್ದಾರೆ. ಅದು ಹಿಡಿದಿಟ್ಟುಕೊಳ್ಳುವ ಅತಿ ದೊಡ್ಡ ಕಾಲ 2,147,483,647 ಮಿಲಿಸೆಕೆಂಡು, ಅಂದರೆ ಇಪ್ಪತ್ತೈದು ದಿನಕ್ಕೂ ಚೂರು ಕಡಿಮೆ. ಮೂವತ್ತು ದಿನ ಬಿಟ್ಟು ಕಳಿಸು ಎಂದರೆ ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಆ ಕಾಲವನ್ನು ಒಂದು ಮಿಲಿಸೆಕೆಂಡು ಮಾಡಿಕೊಳ್ಳುತ್ತದೆ. ಹೊಸ ಗ್ರಾಹಕ ಹೆಸರು ನೋಂದಾಯಿಸಿ ಕೈ ತೆಗೆಯುವುದರೊಳಗೆ, ನಿಮ್ಮ ಒಂದು ತಿಂಗಳ ಉಚಿತ ಅವಧಿ ಮುಗಿದಿದೆ ಎಂಬ ಪತ್ರ ಅವನ ಪೆಟ್ಟಿಗೆಯಲ್ಲಿರುತ್ತದೆ.

ಸೋತ ಕೆಲಸವನ್ನು ಆಮೇಲಪ್ಪನವರು ನಡೆಸಿಕೊಳ್ಳುವ ರೀತಿ ನೋಡಿದರೆ, ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ‘ನಾಳೆ ಬಾ’ ನೆನಪಾಗುತ್ತದೆ. ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. ದೆವ್ವವನ್ನು ಒಳಗೆ ಕರೆದು ಏನು ಬೇಕೆಂದು ಕೇಳುವ ಉಸಾಬರಿ ಯಾರಿಗೂ ಇರಲಿಲ್ಲ. ರೂಬಿ ಲೋಕದ ಸೈಡ್‌ಕಿಕ್ ಎಂಬ ಉಪಕರಣ ಸೋತ ಜಾಬನ್ನು, ನಾವಾಗಿ ಬೇರೆ ಹೇಳದಿದ್ದರೆ, 25 ಸಲ ಮರುಪ್ರಯತ್ನಿಸುತ್ತದೆ. ಸಲಸಲಕ್ಕೂ ಅಂತರ ಹೆಚ್ಚಿಸುತ್ತ ಸುಮಾರು ಮೂರು ವಾರ ಅಲೆದಾಡಿಸಿ, ಕೊನೆಗೆ ಸತ್ತವರ ಪಟ್ಟಿಗೆ ಸೇರಿಸುತ್ತದೆ. ಬ್ಯಾಂಕಿನ ಸರ್ವರ್ ಹತ್ತು ನಿಮಿಷ ಮಲಗಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಜಾಬಿನಲ್ಲೇ ತಪ್ಪಿದ್ದರೆ ಮೂರು ವಾರ ಮತ್ತೆ ಮತ್ತೆ ಅದೇ ತಪ್ಪು. ಸೋಲದ ಕೆಲಸವೂ ಮರಳಿ ಬರುವುದುಂಟು. ಪೈಥಾನಿನ ಸೆಲರಿಯನ್ನು ರೆಡಿಸ್ ಜೊತೆ ಓಡಿಸುವವರು ಎರಡು ಗಂಟೆ ಬಿಟ್ಟು ಮಾಡು ಎಂದು ಒಂದು ಕೆಲಸ ಕೊಟ್ಟರೆ, ಒಂದು ಗಂಟೆಯಾದರೂ ಮುಗಿದ ಸುದ್ದಿ ಬಾರದ್ದಕ್ಕೆ ರೆಡಿಸ್ ಕಡೆಯವರು ಗಾಬರಿಯಾಗಿ ಅದೇ ಕೆಲಸವನ್ನು ಇನ್ನೊಬ್ಬ ಕೆಲಸಗಾರನಿಗೂ ಕೊಡಬಹುದು. ಅವರ ತಾಳ್ಮೆಯ ಅವಧಿ, ಬದಲಿಸದಿದ್ದರೆ, ಒಂದೇ ಗಂಟೆ. ಇಬ್ಬರೂ ನಿಷ್ಠೆಯಿಂದ ಕಾದು ಇಬ್ಬರೂ ಮಾಡಿ ಮುಗಿಸುತ್ತಾರೆ. ಶುಭಾಶಯವಾದರೆ ಎರಡು ಶುಭಾಶಯ. ಸಾಲದ ಕಂತಾದರೆ ಎರಡು ಕಂತು. ಎರಡು ಸಲ ನಡೆದರೂ ಫಲ ಒಂದೇ ಇರುವಂತೆ ಕೆಲಸವನ್ನು ಬರೆಯುವುದೇ ಇದಕ್ಕೆ ಮದ್ದು, ಅದಕ್ಕೆ ಐಡೆಂಪೊಟೆಂಟ್ ಎನ್ನುತ್ತಾರೆ. ಆ ಮಾತನ್ನು ಮೀಟಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೇಳುವವರು ಆಮೇಲಪ್ಪನವರೇ.

ಕಾಲ ಬದಲಾಗಿದೆ, ಈಗಿನ ಉಪಕರಣಗಳು ಇದನ್ನೆಲ್ಲ ತಾವೇ ನೋಡಿಕೊಳ್ಳುತ್ತವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅವು ನೋಡಿಕೊಳ್ಳುವುದಿಲ್ಲ, ನಮ್ಮನ್ನು ಕೇಳುತ್ತವೆ. ಕುಬರ್ನೆಟೀಸ್‌ನ ಕ್ರಾನ್‌ಜಾಬ್, ಹಿಂದಿನ ಸುತ್ತು ಮುಗಿಯದಿದ್ದರೆ ಹೊಸದನ್ನು ಶುರುಮಾಡಲೇ, ಬಿಡಲೇ, ಹಳೆಯದನ್ನು ಕೊಂದು ಶುರುಮಾಡಲೇ ಎಂದು ಮೂರು ದಾರಿ ಇಡುತ್ತದೆ. ನಾವು ಬಾಯಿ ಬಿಡದಿದ್ದರೆ ಎರಡನ್ನೂ ಒಟ್ಟಿಗೆ ಓಡಿಸುತ್ತದೆ. ಕೆಲವೊಮ್ಮೆ ಒಂದು ಜಾಬಿನ ಬದಲು ಎರಡಾಗಬಹುದು, ಒಂದೂ ಆಗದಿರಬಹುದು ಎಂದು ಅದರ ಕೈಪಿಡಿ ಮುಚ್ಚುಮರೆಯಿಲ್ಲದೆ ಹೇಳಿದೆ. ಗೂಗಲ್‌ನವರು 2016ರಲ್ಲಿ ತಮ್ಮ ಸರ್ವರು ನಡೆಸುವ ವಿದ್ಯೆಯ ಬಗ್ಗೆ ತಂದ ಪುಸ್ತಕದಲ್ಲಿ ಕ್ರಾನ್‌ಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ಸಂದೇಹ ಬಂದಾಗ ಎರಡು ಸಲ ಓಡಿಸುವುದಕ್ಕಿಂತ ಒಂದು ಸಲ ತಪ್ಪಿಸುವುದೇ ಲೇಸು ಎಂಬುದು ಅವರು ಹಿಡಿದ ದಾರಿ. ತಪ್ಪಿದ ಕೆಲಸವನ್ನು ಹೇಗಾದರೂ ಮಾಡಿಕೊಳ್ಳಬಹುದು, ಹೋದ ಇಮೇಲನ್ನು ವಾಪಸು ತರುವುದು ಹೇಗೆ? ಈ ಆಯ್ಕೆ ಸಂಬಳದ ಜಾಬಿಗೆ ಒಂದು ಥರ, ಕಸ ಗುಡಿಸುವ ಜಾಬಿಗೆ ಇನ್ನೊಂದು ಥರ ಇರಬೇಕಾಗುತ್ತದೆ. ಅದನ್ನು ಕೂತು ಯೋಚಿಸಬೇಕಾದವರು ಆ ಹೊತ್ತಿಗೆ ಕಾಫಿಗೆ ಎದ್ದುಹೋಗಿರುತ್ತಾರೆ.

ಎಲ್ಲ ತಪ್ಪನ್ನೂ ಒಬ್ಬ ಬಡಪಾಯಿಯ ತಲೆಗೆ ಕಟ್ಟುವುದು ಸರಿಯೇ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ಗಟ್ಟಿ ಉತ್ತರವಿಲ್ಲ. ಸಂಜೆ ಆರಕ್ಕೆ ಬಂದು ನಾಳೆ ಬೆಳಿಗ್ಗೆಗೆ ವರದಿ ಬೇಕು ಎನ್ನುವ ಮ್ಯಾನೇಜರ್ ಇಲ್ಲದಿದ್ದರೆ ರಾತ್ರಿಯ ಜಾಬ್ ಹುಟ್ಟುವುದೆಲ್ಲಿ? ನಗುವ ನಾವಾದರೂ ಏನು ಸಾಚಾ? ವಿಮೆಯ ಕಂತು, ಮನೆ ಸಾಲ, ಎಸ್ಐಪಿ ಎಲ್ಲವನ್ನೂ ಖಾತೆಯಿಂದ ತಾನೇ ಕಳೆದುಕೊಳ್ಳಲಿ ಎಂದು ಬರೆದುಕೊಟ್ಟು, ಎಂದೋ ಬಿಟ್ಟ ಜಿಮ್ಮಿಗೂ ತಿಂಗಳು ತಿಂಗಳು ಹಣ ಕಟ್ಟುತ್ತಿರುವವರು ನಾವು. ಅಮ್ಮನಿಗೆ ಫೋನ್ ಮಾಡು ಎಂಬ ಭಾನುವಾರದ ರಿಮೈಂಡರನ್ನು ಹತ್ತು ನಿಮಿಷ ಮುಂದಕ್ಕೆ, ಮತ್ತೆ ಹತ್ತು ನಿಮಿಷ ಮುಂದಕ್ಕೆ ತಳ್ಳುವಾಗ ನಮ್ಮ ಮುಖದಲ್ಲೂ ಆಮೇಲಪ್ಪನವರ ಅದೇ ಪ್ರಶಾಂತಿ. ಅವರಿಗೆ ಒಂದು ವಿಶೇಷ ಸೌಲಭ್ಯವಿದೆ, ಅಷ್ಟೇ: ಅವರ ಸೋಲು ಸದ್ದು ಮಾಡುವುದಿಲ್ಲ. ಬಟನ್ ಕೆಲಸ ಮಾಡದಿದ್ದರೆ ಗ್ರಾಹಕ ಕೂಗುತ್ತಾನೆ. ರಾತ್ರಿಯ ಬ್ಯಾಕಪ್ ನಿಂತರೆ ಕೂಗುವವರು ಯಾರು? ಜಾಬ್ ಏನಾದರೂ ಗೊಣಗಿದರೆ ಅದನ್ನು ಅಂಚೆಯಲ್ಲಿ ತಲುಪಿಸುವ ಏರ್ಪಾಡು ಕ್ರಾನ್‌ನಲ್ಲಿ ಇದೆ. ದಿನಾ ಪತ್ರ ಬರುತ್ತದೆಂದು ಬೇಸತ್ತ ಆಮೇಲಪ್ಪನವರು, ಸಾಲಿನ ಕೊನೆಗೆ, ಬಂದದ್ದನ್ನೆಲ್ಲ ನುಂಗಿಬಿಡುವ ಡೆವ್‌ನಲ್ ಸೇರಿಸಿ ಬಾಯಿ ಕಟ್ಟಿರುತ್ತಾರೆ. ಬ್ಯಾಕಪ್ ನಿಂತದ್ದು ತಿಳಿಯುವುದು ಬ್ಯಾಕಪ್ ಬೇಕಾದ ದಿನವೇ.

ಒಂದು ದಿನ ಆಮೇಲಪ್ಪನವರು ಬೇರೆ ಕಂಪನಿಗೆ ಹೋಗುತ್ತಾರೆ. ಬೀಳ್ಕೊಡುಗೆಯಲ್ಲಿ ಕೇಕು ತಿಂದವರೆಲ್ಲ ಮನಸಾರೆ ಹೊಗಳುತ್ತಾರೆ, ಆಗುವುದಿಲ್ಲ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲವಲ್ಲ. ಅವರ ಜಾಬುಗಳು ಮಾತ್ರ ರಾಜೀನಾಮೆ ಕೊಡುವುದಿಲ್ಲ. ಮುಚ್ಚಿಹೋದ ವಿಭಾಗದ ವರದಿ ಸೋಮವಾರ ಸೋಮವಾರ ತಯಾರಾಗಿ, ಕೆಲಸ ಬಿಟ್ಟವರ ವಿಳಾಸಗಳಿಗೆ ಹೊರಡುತ್ತದೆ. ಹೊಸದಾಗಿ ಬಂದ ಹುಡುಗಿ ಆ ಸಾಲನ್ನು ನೋಡಿ, ಯಾಕಿದೆ ಎಂದು ಕೇಳಲು ಯಾರೂ ಇಲ್ಲದೆ, ತೆಗೆಯುವ ಧೈರ್ಯವೂ ಸಾಲದೆ ಹಾಗೇ ಬಿಡುತ್ತಾಳೆ. ಸಾಲಿನ ಮೇಲೆ, ಇದು ಯಾರಿಗಾಗಿ, ಯಾವ ತಿಂಗಳವರೆಗೆ ಎಂದು ಒಂದು ಷರಾ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಯಂತ್ರಗಳಲ್ಲಿ ಒಂದಾದರೂ ಈ ಪ್ರಶ್ನೆಯನ್ನು ತಾನಾಗಿ ಎತ್ತಿದೆ: ಗಿಟ್‌ಹಬ್ಬಿನ ಸಾರ್ವಜನಿಕ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಕಾಣದಿದ್ದರೆ, ಅಲ್ಲಿನ ವೇಳಾಪಟ್ಟಿಯ ಜಾಬುಗಳನ್ನು ಅದು ನಿಲ್ಲಿಸಿಬಿಡುತ್ತದೆ. ಇದಕ್ಕೂ ಆಮೇಲಪ್ಪಂದಿರು ಪರಿಹಾರ ಕಂಡುಕೊಂಡಿದ್ದಾರೆ. ಅರುವತ್ತು ದಿನ ತುಂಬುವ ಮುಂಚೆ ಎದ್ದು, ಹುರುಳಿಲ್ಲದ ಒಂದು ಖಾಲಿ ಬದಲಾವಣೆಯನ್ನು ದಾಖಲಿಸಿ, ಇಲ್ಲಿ ಮನುಷ್ಯರಿದ್ದಾರೆ ಎಂದು ನಂಬಿಸುವುದಕ್ಕೆ ಇನ್ನೊಂದು ಜಾಬ್ ಬರೆದಿಟ್ಟಿದ್ದಾರೆ. ಅದರ ಹೊತ್ತೂ 0 0.