ಐ ಅಗ್ರೀ ಒತ್ತಿದ್ದು ಯಾರು ಮಾರಾಯ್ರೆ?

ಮೊನ್ನೆ ಬೆಳಗಿನ ಜಾವ ಐದೂ ಮುಕ್ಕಾಲಿಗೆ ನೀವೊಂದು ಫಾರ್ವರ್ಡ್ ಕಳ್ಸಿದ್ರಲ್ಲ, ‘ಎಚ್ಚರ! ಸರ್ಕಾರ ನಿಮ್ಮನ್ನು ನೋಡ್ತಾ ಇದೆ’ ಅಂತ? ಓದಿದೆ. ಕೆಂಪು ಅಕ್ಷರ, ದೊಡ್ಡದೊಂದು ಕಣ್ಣಿನ ಚಿತ್ರ, ಕೊನೆಗೆ ‘ಹತ್ತು ಜನಕ್ಕೆ ಕಳಿಸಿ’. ನಾನು ಹನ್ನೆರಡು ಜನಕ್ಕೆ ಕಳಿಸಿದೆ. (ಯಾರನ್ನಾದ್ರೂ ಬಿಟ್ರೆ ಮುಂದಿನ ಪಾಟ್‌ಲಕ್‌ನಲ್ಲಿ ಮುಖ ತಿರುಗಿಸ್ತಾರೆ.) ಅದಾಗಿ ಅರ್ಧ ಗಂಟೆಗೆ ನಿಮ್ಮ ಸ್ಟೇಟಸ್ ಬಂತು: ಹೈವೇ ಸಿಕ್ಸ್ ಪಕ್ಕದಲ್ಲಿ ಕಾಫಿ ಕಪ್ಪು, ಹಿಂದೆ ಕಾರಿನ ನಂಬರು, ಅಂಗಡಿ ಹೆಸರು, ಲೊಕೇಶನ್ ಎಲ್ಲ ಸಮೇತ. ಸರ್ಕಾರಕ್ಕೆ ಇನ್ನೇನು ಕೆಲಸ ಉಳಿಸಿದ್ರಿ ಹೇಳಿ?

ಸಿಟ್ಟಾಗ್ಬೇಡಿ. ನಮ್ಮ ಮಿಸೌರಿ ಸಿಟೀಲಿ ಪ್ರೈವೆಸಿ ಸರಿಯಾಗಿ ಕಾಪಾಡ್ಕೊಂಡಿರೋದು ಅಂದ್ರೆ ಊರೊಂದೇ. ಹೆಸರು ಮಿಸೌರಿ, ಇರೋದು ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಮಗ್ಗುಲಿಗೆ. 1890ರ ದಶಕದಲ್ಲಿ ಸೇಂಟ್ ಲೂಯಿಸ್ ಕಡೆಯವರಿಗೆ ಜಾಗ ಮಾರೋಕೆ ಇಟ್ಟ ಹೆಸರಂತೆ. ಅಲ್ಲಿಂದ ಇಲ್ಲೀವರೆಗೆ ಸುಳ್ಳು ಅಡ್ರೆಸ್ ಕೊಟ್ಕೊಂಡು ಆರಾಮಾಗಿದೆ. ಊರಿಗಿರೋ ಬುದ್ಧಿ ಊರವ್ರಿಗೆ ಬೇಡ್ವಾ?

ನಿಮ್ಮ ಬಾಗಿಲಿಂದಲೇ ಶುರು ಮಾಡೋಣ. ಗೌರಿ ಹಬ್ಬದ ದಿನ ಕೋಸಂಬರಿ ಡಬ್ಬಿ ಹಿಡ್ಕೊಂಡು ಬಂದು ಮೂರು ಸಲ ಬೆಲ್ ಒತ್ತಿದೆ. ನಾಲ್ಕನೇ ಸಲಕ್ಕೆ ಗೋಡೆ ಮಾತಾಡ್ತು: ‘ಅಲ್ಲೇ ಇಟ್ಟು ಹೋಗಿ, ನಾವು ಮನೇಲಿಲ್ಲ’. ಮನೇಲಿಲ್ಲ, ಸರಿ. ಆದ್ರೆ ಮಾತಿನ ಹಿಂದೆ ನಿಮ್ಮ ಕುಕ್ಕರ್ ಕೂಗಿದ್ದೂ ಅದೇ ಸ್ಪೀಕರಲ್ಲಿ ಕೇಳಿಸ್ತಲ್ಲ! (ಎರಡು ವಿಸಿಲ್. ಬೇಳೆಗೆ ಇನ್ನೊಂದು ಬೇಕಿತ್ತು.) ಸಂಜೆ ಹೊತ್ತಿಗೆ ನಾನು ಸೊಂಟದ ಮೇಲೆ ಕೈ ಇಟ್ಕೊಂಡು ಕಾದಿದ್ದ ವಿಡಿಯೋ ಇಡೀ ಗುಂಪಿನಲ್ಲಿ ಓಡಾಡ್ತಾ ಇತ್ತು.

ನಮ್ಮ ತೀರ್ಥಹಳ್ಳಿ ಕಡೆ ಇದನ್ನೆಲ್ಲ ಅಜ್ಜಿ ಮಾಡ್ತಿದ್ಲು. ಕವಳ ಹಾಕ್ಕೊಂಡು ಜಗುಲಿ ಮೇಲೆ ಕೂತಳು ಅಂದ್ರೆ ದಣಪೆ ದಾಟಿದ ನರಪಿಳ್ಳೆಯೂ ಲೆಕ್ಕಕ್ಕೆ ಸಿಗ್ತಿತ್ತು. ಯಾರ ಮನೆಗೆ ಯಾರು ಬಂದ್ರು, ಎಷ್ಟೊತ್ತಿಗೆ ಹೋದ್ರು, ಹೋಗುವಾಗ ಕೈಯಲ್ಲಿ ಚೀಲ ಇತ್ತೋ ಇಲ್ವೋ. ಆದ್ರೆ ಅಜ್ಜಿಗೆ ಮರೆವಿತ್ತು. ಅವಳ ಜತೆ ಜಗಳ ಆಡಬಹುದಿತ್ತು. ಅವಳ ಸುದ್ದಿ ಎಷ್ಟೇ ಆದ್ರೂ ಆಗುಂಬೆ ಘಾಟಿ ಇಳೀತಿರಲಿಲ್ಲ.

ಈಗ ಜಗುಲಿ ಜಾಗದಲ್ಲಿ ಏನಿದೆ ನೋಡಿ. ನಮ್ಮ ಸಬ್‌ಡಿವಿಷನ್ ಬಾಯಲ್ಲೇ ಒಂದು ಕರೀ ಕಂಬ, ತಲೆ ಮೇಲೆ ಸೋಲಾರ್ ಹಲಗೆ, ಕೆಳಗೊಂದು ಕ್ಯಾಮೆರಾ. ಹೋಗೋ ಬರೋ ಕಾರಿನ ನಂಬರ್ ಪ್ಲೇಟೆಲ್ಲ ಅದರ ಹೊಟ್ಟೆಗೆ. ಕಳ್ಳರ ಕಾಟ ಅಂತ ಮನೆ ಮಾಲೀಕರ ಸಂಘದ (ಎಚ್‌ಒಎ) ಮೀಟಿಂಗಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಯಾರು, ನೆನಪಿದ್ಯಾ? (ಎರಡನೆಯವ ನಾನು. ಅದನ್ನ ಯಾರಿಗೂ ಹೇಳ್ಬೇಡಿ.)

ಆ ಕಂಬದ ಸುದ್ದಿ ಎಷ್ಟು ದೂರ ಇಳಿಯುತ್ತೆ ಗೊತ್ತಾ? 2025ರ ಮೇ ತಿಂಗಳಲ್ಲಿ ಇದೇ ಟೆಕ್ಸಸ್‌ನ ಜಾನ್ಸನ್ ಕೌಂಟಿ ಶೆರಿಫ್ ಆಫೀಸಿನವರು ಒಬ್ಬ ಹೆಂಗಸನ್ನ ಹುಡುಕೋಕೆ ಇಂಥ ಕ್ಯಾಮೆರಾ ಹಾಕೋ ಫ್ಲಾಕ್ ಕಂಪನಿಯ ಜಾಲ ಜಾಲಾಡಿದ್ರು. ಆಕೆ ಗರ್ಭಪಾತ ಮಾಡ್ಕೊಂಡಿದ್ಲು ಅನ್ನೋದನ್ನೇ ಹುಡುಕಾಟದ ಕಾರಣದ ಜಾಗದಲ್ಲಿ ಬರೆದಿದ್ರು. ನೋಡಿದ್ದು ಒಂದು ಕೌಂಟಿಯ ಕ್ಯಾಮೆರಾ ಅಲ್ಲ, ದೇಶದುದ್ದಕ್ಕೂ 83,000ಕ್ಕೂ ಹೆಚ್ಚು. ಮನೆಯವರು ಗಾಬರಿಯಾಗಿದ್ರು, ಅದಕ್ಕೇ ಹುಡುಕಿದ್ವಿ ಅಂದ್ರು ಶೆರಿಫ್. ನಮ್ಮಜ್ಜಿಯೂ ಅದನ್ನೇ ಹೇಳ್ತಿದ್ಲು, ‘ನಂಗೆ ಎಂಥಕ್ಕೆ ಬೇಕು, ಪಾಪ ಅಂತ ಕೇಳ್ದೆ’.

ಸರ್ಕಾರದ ಕಥೆ ಒಂದ್ನಿಮಿಷ ಆಚೆ ಇಡಿ. 2021ರ ಜೂನ್ ಸೆಕೆ ನೆನಪಿದ್ಯಾ? ಫೆಬ್ರವರಿಯಲ್ಲಿ ಚಳಿಗೆ ಕರೆಂಟು ಹೋಗಿ ಹೆಪ್ಪುಗಟ್ಟಿದ್ವಲ್ಲ, ಅದೇ ವರ್ಷ. ಹ್ಯೂಸ್ಟನ್ ಸುತ್ತ ಮುತ್ತ ಜನ ಮಧ್ಯಾಹ್ನ ಮಲಗಿ ಎದ್ರೆ ಮೈಯೆಲ್ಲ ಬೆವರು. ಥರ್ಮೋಸ್ಟಾಟ್ ನೋಡಿದ್ರೆ 78 ಡಿಗ್ರಿ ಫ್ಯಾರನ್‌ಹೀಟ್! ಮನೇಲಿ ಯಾರೂ ಮುಟ್ಟಿಲ್ಲ. ಎಲ್ಲೋ ಕೂತವರು ಏರಿಸಿದ್ರು.

ರಾಮ ರಾಮ, ದಬ್ಬಾಳಿಕೆ ಅಂತ ಕೂಗಿದ್ದೇ ಕೂಗಿದ್ದು. ಆಮೇಲೆ ಹೊರಗೆ ಬಂತು ನೋಡಿ ಗುಟ್ಟು. ಸ್ಮಾರ್ಟ್ ಸೇವರ್ಸ್ ಟೆಕ್ಸಸ್ ಅನ್ನೋ ಸ್ಕೀಮಿಗೆ ಇವರೇ ಸೇರಿದ್ರು. ವಿದ್ಯುತ್ತಿನ ಬೇಡಿಕೆ ಜಾಸ್ತಿಯಾದಾಗ ನಮ್ಮ ಥರ್ಮೋಸ್ಟಾಟ್ ನೀವು ತಿರುಗಿಸ್ಕೊಳ್ಳಿ ಅಂತ ಒಪ್ಪಿಗೆ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ಲಕ್ಕಿ ಡ್ರಾ ಚೀಟಿ! ಬಹುಮಾನ ಅಲ್ಲ ಮಾರಾಯ್ರೆ, ಚೀಟಿ. ಈಗ ನಿಜ ಹೇಳಿ, ನೀವು ಕೊನೇ ಸಲ ‘ಐ ಅಗ್ರೀ’ ಒತ್ತೋ ಮುಂಚೆ ಮೇಲಿನ ಮೂವತ್ತು ಪುಟ ಓದಿದ್ದು ಯಾವಾಗ? ಮದುವೆ ಜಾತಕಕ್ಕೆ ಎಂಟು ಜೋಯಿಸರನ್ನ ಕೇಳಿದವರು ನೀವು.

ಇನ್ನು ನಿಮ್ಮ ಮಗ. ಕಾಲೇಜ್ ಸ್ಟೇಷನ್‌ನಲ್ಲಿ ಓದ್ತಿದ್ದಾನೆ, ಇಪ್ಪತ್ತು ವರ್ಷ, ಆರಡಿ ಎತ್ತರ. ರಾತ್ರಿ ಎರಡು ಗಂಟೆಗೆ ನೀವು ಹಾಸಿಗೆಯಲ್ಲಿ ಬೋರಲು ಮಲಗಿ ಲೈಫ್360 ತೆಗೆದು ಅವನ ಚುಕ್ಕಿ ಎಲ್ಲಿದೆ ಅಂತ ನೋಡ್ತೀರಿ. ‘ವಾಟಬರ್ಗರ್‌ನಲ್ಲಿದ್ದಾನೆ ಕಣ್ರೀ, ಈ ಹೊತ್ನಲ್ಲಿ!’ ಅಂತ ಯಜಮಾನರನ್ನ ತಿವೀತೀರಿ. ಆ ಚುಕ್ಕಿಯನ್ನ ಇನ್ನೂ ಯಾರೋ ನೋಡ್ತಿದ್ರು ಅಂತ 2025ರ ಜನವರಿಯಲ್ಲಿ ಟೆಕ್ಸಸ್ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ದಾವೆ ಹೂಡಿದ್ರು. ಆಲ್‌ಸ್ಟೇಟ್ ಇನ್ಶೂರೆನ್ಸಿನವರು ಅವರದೇ ಅರಿಟಿ ಕಂಪನಿ ಮೂಲಕ ಇಂಥ ಆ್ಯಪ್‌ಗಳೊಳಗೆ ಸಾಫ್ಟ್‌ವೇರ್ ತೂರಿಸಿ ಜನ ಹೇಗೆ ಗಾಡಿ ಓಡಿಸ್ತಾರೆ ಅಂತ ಲೆಕ್ಕ ಇಟ್ರು ಅನ್ನೋದು ದೂರು. (ಮಗನ ಇನ್ಶೂರೆನ್ಸ್ ಏರಿದ್ದಕ್ಕೆ ನೀವು ಅವನಿಗೇ ಬೈದ್ರಿ.)

ಫೇಸ್‌ಬುಕ್ಕಿನದ್ದೂ ಇದೇ ಹಾಡು. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹೊದ್ದು ನೂರು ಜನ ಸಾಲಾಗಿ ನಿಂತ ಫೋಟೋ ಹಾಕಿದಾಗ, ಯಾರ ಮುಖ ಯಾರದ್ದು ಅಂತ ಅದೇ ಹೇಳಿಕೊಡ್ತಿತ್ತಲ್ಲ, ‘ಅಬ್ಬ ಎಷ್ಟು ಚುರುಕು’ ಅಂದ್ರಿ. ಕೇಳದೇ ಮುಖದ ಅಳತೆ ತಗೊಂಡಿದ್ದು ತಪ್ಪು ಅಂತ ಟೆಕ್ಸಸ್ ಕೇಸು ಹಾಕಿ, 2024ರ ಜುಲೈನಲ್ಲಿ ಮೆಟಾ 140 ಕೋಟಿ ಡಾಲರ್ ಕೊಡೋಕೆ ಒಪ್ಪಿ ರಾಜಿ ಆಯ್ತು. ದುಡ್ಡು ರಾಜ್ಯದ ಬೊಕ್ಕಸಕ್ಕೆ. ಇಲಿನಾಯ್‌ನಲ್ಲಿರೋ ನಿಮ್ಮ ನಾದಿನಿಗೆ ಇಂಥದ್ದೇ ಕೇಸಲ್ಲಿ ಮನೆಗೆ ಚೆಕ್ ಬಂತು, ನಮಗಿಲ್ಲ. ಮುಖ ನಮ್ದು, ಕಾಸು ಆಸ್ಟಿನ್‌ದು.

‘ಮುಚ್ಚಿಡೋಕೆ ನಂದೇನಿದೆ ಬಿಡಿ’ ಅಂತೀರಿ ಅಲ್ವಾ? ಗೊತ್ತಿತ್ತು. ಹಾಗಾದ್ರೆ ಸಂಬಳ ಎಷ್ಟು ಅಂದ್ರೆ ಕೆಮ್ಮು ಬರೋದು ಯಾಕೆ? ಫೋರ್ಟ್ ಬೆಂಡ್ ಅಪ್ರೈಸಲ್ ಡಿಸ್ಟ್ರಿಕ್ಟ್ ಸೈಟಿಗೆ ಹೋಗಿ ಹೆಸರು ಹಾಕಿದ್ರೆ ಯಾರ ಮನೆಗೆ ಎಷ್ಟು ಬೆಲೆ ಕಟ್ಟಿದ್ದಾರೆ ಅಂತ ಬರುತ್ತೆ, ಅದು ನಿಮಗೆ ಗೊತ್ತು. ನಮ್ಮ ಗೃಹಪ್ರವೇಶದಲ್ಲಿ ಸತ್ಯನಾರಾಯಣನ ಪ್ರಸಾದ ತಿನ್ನೋ ಮೊದಲೇ ನೀವು ನೋಡಿದ್ರಿ, ಅದು ನನಗೆ ಗೊತ್ತು. (ನಿಮ್ಮದನ್ನ ನಾನು ಅದಕ್ಕೂ ಒಂದು ವರ್ಷ ಮುಂಚೆ ನೋಡಿದ್ದೆ.)

ಊರಿನ ಕಡೆಯ ಮಾತೊಂದು ಇಲ್ಲಿ ಹೇಳ್ಲೇಬೇಕು. ಆಧಾರ್ ಕಟ್ಟಿದ ನಂದನ್ ನಿಲೇಕಣಿ ಬೆಂಗಳೂರಿನವರು. ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿಯವರೂ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವಯಸ್ಸು! ಆ ವಯಸ್ಸಿನಲ್ಲಿ ನಾವು ಮೊಮ್ಮಕ್ಕಳ ಕೈಲಿ ಪಾಸ್‌ವರ್ಡ್ ಕೇಳ್ತಾ ಇರ್ತೀವಿ.

ಪ್ರೈವೆಸಿ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರದ ಕಡೆಯವರು ವಾದ ಮಾಡಿದ್ರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹಕ್ಕು ಹೌದು ಅಂದ್ರು. ಮರುವರ್ಷ ಆಧಾರ್ ಉಳೀತು, ಆದ್ರೆ ಬ್ಯಾಂಕು, ಮೊಬೈಲ್ ಕಂಪನಿಯವರು ಅದನ್ನೇ ಕೊಡಿ ಅಂತ ಹಠ ಹಿಡಿಯೋ ಹಾಗಿಲ್ಲ ಅಂತಾಯ್ತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡ್ರು. ನೀವು ಆ ಸುದ್ದಿಗೆ ಕೈಮುಗಿಯೋ ಚಿತ್ರ ಹಾಕಿ, ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಸಿಮ್ ಕಾರ್ಡಿಗೆ ಅಂತ ಯಾವುದೋ ಅಂಗಡಿಯಲ್ಲಿ ಪಾಸ್‌ಪೋರ್ಟಿನ ನಾಲ್ಕು ಜೆರಾಕ್ಸ್ ಬಿಟ್ಟು ಬಂದ್ರಿ. ಒಂದು ಸಾಕಿತ್ತು.

ನಗಾಡಿದ್ದು ಸಾಕು. ಒತ್ತದೇ ಇದ್ರೂ ಬರೋ ‘ಐ ಅಗ್ರೀ’ ಒಂದಿದೆ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ವೀಸಾಕ್ಕೆ ಅರ್ಜಿ ಹಾಕೋರು ಸೋಶಿಯಲ್ ಮೀಡಿಯಾ ಪ್ರೊಫೈಲ್ ಎಲ್ಲರಿಗೂ ಕಾಣೋ ಹಾಗೆ ತೆರೆದಿಡಿ ಅಂತ ಇಲ್ಲಿನ ಸ್ಟೇಟ್ ಡಿಪಾರ್ಟ್‌ಮೆಂಟ್ ಹೇಳ್ತು. ವಿದ್ಯಾರ್ಥಿಗಳಿಗೆ ಜೂನ್‌ನಿಂದಲೇ ಹಾಗೆ. ಅವತ್ತು ರಾತ್ರಿ ನೀವು ತಮ್ಮನ ಮಗನಿಗೆ ಫೋನ್ ಮಾಡಿ ‘ಅದೊಂದು ಪೋಸ್ಟ್ ತೆಗೆದು ಹಾಕು ಮಗಾ’ ಅಂದ್ರಿ. ಏನಿತ್ತು ಅದ್ರಲ್ಲಿ? ಒಂದು ಕಾರ್ಟೂನು. ಅವನು ತೆಗೆದ. ಆಮೇಲೆ ನೀವೂ ನಿಮ್ಮದನ್ನ ಮೂರು ತೆಗೆದ್ರಿ. ನಿಮ್ಮ ಹತ್ರ ಗ್ರೀನ್ ಕಾರ್ಡ್ ಇದೆಯಲ್ಲ ಮಾರಾಯ್ರೆ, ಯಾರು ಹೇಳಿದ್ರು ತೆಗೀರಿ ಅಂತ? ಯಾರೂ ಹೇಳಲಿಲ್ಲ. ನನಗೆ ಭಯ ಆಗೋದು ಅದಕ್ಕೇ.

ನಮ್ಮ ಕೈಲಿ ಏನಾಗುತ್ತೆ ಅಂತ ಮಾತ್ರ ಅನ್ಬೇಡಿ. ಹ್ಯೂಸ್ಟನ್‌ನಲ್ಲಿ ರೆಡ್ ಲೈಟ್ ಕ್ಯಾಮೆರಾ ಇದ್ವಲ್ಲ, 2010ರ ನವೆಂಬರ್‌ನಲ್ಲಿ ಜನ ಸಹಿ ಸಂಗ್ರಹಿಸಿ, ವೋಟು ಹಾಕಿ ಬೇಡ ಅಂದ್ರು. ಕೋರ್ಟಿನ ಎಳೆದಾಟದ ನಡುವೆ ಮರುವರ್ಷ ಪೂರ್ತಿ ಬಂದ್ ಆದ್ವು. 2019ರಲ್ಲಿ ರಾಜ್ಯವೇ ಕಾನೂನು ಮಾಡಿ ಅವನ್ನ ನಿಲ್ಲಿಸ್ತು. ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಬೇಡ ಅಂತ ಆಸ್ಟಿನ್ ಜನ ಕೌನ್ಸಿಲ್ ಮುಂದೆ ನಿಂತು ಗಲಾಟೆ ಮಾಡಿದ್ಮೇಲೆ 2025ರ ಜೂನ್‌ಗೆ ಅಲ್ಲಿನ ಯೋಜನೆ ಮುಗೀತು. ಇವರ್ಯಾರೂ ಬೆಳಗಿನ ಜಾವ ಫಾರ್ವರ್ಡ್ ಮಾಡಿ ಗೆದ್ದಿದ್ದಲ್ಲ.

ನಮ್ಮ ಸಿಟಿ ಹಾಲ್ ಇರೋದು ಟೆಕ್ಸಸ್ ಪಾರ್ಕ್‌ವೇ ಮೇಲೆ. ಕೌನ್ಸಿಲ್ ಮೀಟಿಂಗಿನ ದಿನ ಯಾರು ಬೇಕಾದ್ರೂ ಹೋಗಿ ಮಾತಾಡಬಹುದು. ಕೇಳಬೇಕಾದ್ದು ಎರಡೇ: ರಸ್ತೆ ಮೇಲಿನ ಕ್ಯಾಮೆರಾ ತೆಗೆದ ಫೋಟೋ ಎಷ್ಟು ದಿನ ಇಟ್ಕೊಳ್ತೀರಿ, ಯಾವ್ಯಾವ ಊರಿನ ಪೊಲೀಸರಿಗೆ ತೋರಿಸ್ತೀರಿ? ಮುಂದಿನ ಮೀಟಿಂಗ್ ದಿನ ಸಂಜೆ ಆರಕ್ಕೆ ಬಂದು ನಿಮ್ಮ ಮನೆ ಬೆಲ್ ಒತ್ತುತ್ತೇನೆ, ಒಟ್ಟಿಗೇ ಹೋಗೋಣ. ಗೋಡೆಯೊಳಗಿಂದ ಮಾತಾಡ್ಬೇಡಿ. ಕುಕ್ಕರ್ ಆರಿಸಿ, ಎದ್ದು ಬಂದು ಬಾಗಿಲು ತೆಗೀರಿ.