ದುಡಿಯುವವನೊಬ್ಬ, ಮನೆಅಳಿಯಂದಿರು ಇಬ್ಬರು

ಓಡುವ ಕಾರಿನ ಸಂಸಾರದಲ್ಲಿ ಕರೆಂಟು ದುಡಿದು ತರುವುದು ಆಲ್ಟರ್ನೇಟರ್ ಒಂದೇ. ಬ್ಯಾಟರಿ ಕೂಡಿಟ್ಟದ್ದನ್ನು ಬಿಚ್ಚುವ ಅಜ್ಜಿ, ಅಷ್ಟೆ. ಗ್ಯಾರೇಜುಗಳಲ್ಲಿ ಆಲ್ಟರ್ನೇಟರನ್ನು ಇಂದಿಗೂ ಡೈನಮೋ ಎನ್ನುವವರಿದ್ದಾರೆ. ದುಡಿಯುವವನ ಹೆಸರು ಯಾರಿಗೆ ಬೇಕು?

ಅಂಬಾಸಿಡರ್ ಕಾಲದ ಕಾರುಗಳಲ್ಲಿ ರೇಡಿಯೇಟರ್ ಫ್ಯಾನನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತಿತ್ತು, ಕರೆಂಟಿನ ಮಾತೇ ಇರಲಿಲ್ಲ. ಅದನ್ನು ಕಿತ್ತು ಎರಡು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರೆ ಇಬ್ಬರು ಮನೆಅಳಿಯಂದಿರು ಬಂದಂತೆ. ತಲಾ 15ರಿಂದ 25 ಆಂಪಿಯರ್ ಊಟ. ಎದ್ದ ಕ್ಷಣದಲ್ಲಂತೂ ಎರಡು ಮೂರು ಪಟ್ಟು. ಅವರಿಗೆ ಹಸಿವಾಗುವ ಹೊತ್ತೂ ವಿಚಿತ್ರ. ಹೆದ್ದಾರಿಯಲ್ಲಿ ಆಲ್ಟರ್ನೇಟರ್ ಕೈತುಂಬ ದುಡಿಯುವಾಗ ಎದುರುಗಾಳಿಯೇ ಸಾಕು, ಅಳಿಯಂದಿರು ಮಲಗಿರುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಎಂಜಿನ್ ಐಡ್ಲಿಂಗಿಗಿಳಿದು ದುಡಿಮೆ ಅರ್ಧಕ್ಕೆ ಬಂದಾಗಲೇ ಇಬ್ಬರೂ ಎಲೆ ಹಾಕಿಸಿಕೊಳ್ಳುತ್ತಾರೆ. ಹೆಡ್‌ಲೈಟ್ ಮಂಕಾಗುತ್ತದೆ, ವೈಪರ್ ತೂಕಡಿಸುತ್ತದೆ. ಮಾಲೀಕ ಹೊಸ ಬ್ಯಾಟರಿ ತರುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಅದೂ ಸೆಲ್ಫ್ ಎತ್ತುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಮೀಟರ್ ಮತ್ತು ತುಸು ತಾಳ್ಮೆ. ಎಂಜಿನ್ ನಿಂತಿರುವಾಗ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಬೇಕು, ಚಾಲೂ ಆದಮೇಲೆ 14ರ ಹತ್ತಿರ. ಈಗ ಐಡ್ಲಿಂಗಿನಲ್ಲೇ ಫ್ಯಾನು, ಹೆಡ್‌ಲೈಟು, ಬ್ಲೋವರ್ ಎಲ್ಲವನ್ನೂ ಹಾಕಬೇಕು. ಮುಳ್ಳು 12.6ಕ್ಕಿಂತ ಕೆಳಗಿಳಿದರೆ ಅಜ್ಜಿಯ ಗಂಟು ಕರಗುತ್ತಿದೆ ಎಂದರ್ಥ. ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂಗೆ ಏರಿಸಿದಾಗ ಮತ್ತೆ 14 ಬಂದರೆ ಆಲ್ಟರ್ನೇಟರ್ ಗಟ್ಟಿಮುಟ್ಟಾಗಿದೆ, ಭಾರ ಮಾತ್ರ ಹೆಚ್ಚು. ಬಾರದಿದ್ದರೆ ಜಾರುವ ಬೆಲ್ಟು, ಸವೆದ ಬ್ರಷ್ಷು, ಸುಟ್ಟ ಡಯೋಡುಗಳತ್ತ ನೋಡಬೇಕು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿದರೆ ತಪ್ಪು ತಂತಿಯದು.

ಪ್ರತಿ ಫ್ಯಾನಿನ ಊಟ ಅಳೆಯಲು ಕ್ಲ್ಯಾಂಪ್ ಮೀಟರ್ ಸಾಕು. ಆದರೆ ಅದು ಡಿಸಿ ಅಳೆಯುವಂಥದ್ದಾಗಿರಬೇಕು. ಮನೆ ವೈರಿಂಗಿನವರ ಎಸಿ ಮೀಟರ್ ಹಿಡಿದರೆ ಸೊನ್ನೆಯ ಆಸುಪಾಸೇ ತೋರುತ್ತದೆ, ಮಾಲೀಕ ಹಿಗ್ಗುತ್ತಾನೆ.

ಪರಿಹಾರ ಮೂರು ಬಗೆ: ಥರ್ಮೋ ಸ್ವಿಚ್ ಹಾಕಿ ಅಳಿಯಂದಿರನ್ನು ಒಬ್ಬೊಬ್ಬರಾಗಿ ಎಬ್ಬಿಸುವುದು, ಪುಲ್ಲಿ ಚಿಕ್ಕದು ಮಾಡಿ ಆಲ್ಟರ್ನೇಟರನ್ನು ಬೇಗ ತಿರುಗಿಸುವುದು, ಇಲ್ಲವೇ ದಪ್ಪ ತಂತಿಯೊಂದಿಗೆ ದೊಡ್ಡ ಆಲ್ಟರ್ನೇಟರ್ ತರುವುದು. ಅಷ್ಟು ಖರ್ಚಿಗೆ ಮುಂಚೆ ಗ್ರಿಲ್ಲಿನ ಮುಂದೆ ಒಂದು ಕಾಗದ ಹಿಡಿಯುವುದು ಒಳ್ಳೆಯದು. ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಹಾರಿಹೋದರೆ ಫ್ಯಾನಿನ ಎರಡು ತಂತಿ ಅದಲುಬದಲಾಗಿ, ಅಳಿಯ ಇಷ್ಟು ದಿನ ಉಲ್ಟಾ ಬೀಸುತ್ತಿದ್ದಾನೆ.