ಮತ ಯಾವುದು ಯಜಮಾನ್ರೇ?

(ಶಿಕಾರಿಪುರ ಬಸ್ ಸ್ಟ್ಯಾಂಡ್ ಪಕ್ಕದ ಚಾ ಅಂಗಡಿ. ಸೊರಬದ ತಿಮ್ಮಣ್ಣ, ಈ ಊರಿನ ಬಸಣ್ಣ, ಅಂಗಡಿಯ ಮಂಜ.)

ತಿಮ್ಮಣ್ಣ: ಪಟ್ಟಿ ಹಿಡ್ಕೊಂಡು ಬಂದ ಹುಡುಗ ‘ನಿಮ್ದು ಯಾವ ಮತ’ ಅಂದ.

ಬಸಣ್ಣ: ಮತ ಗುಪ್ತ ಅನ್ನಬೇಕಿತ್ತು.

ತಿಮ್ಮಣ್ಣ: ಅಂದೆ. ‘ಹಾಕೋ ಮತ ಅಲ್ಲ ಯಜಮಾನ್ರೇ, ಹುಟ್ಟಿದ ಮತ’ ಅಂದ. ಅಪ್ಪನ ಹೆಸರು ಕೇಳ್ದ, ಕೇರಿ ಕೇಳ್ದ. ರಸ್ತೆ ಗುಂಡಿ ಮಾತ್ರ ಕೇಳ್ಲಿಲ್ಲ.

ಮಂಜ: ಗುಂಡಿಗೆ ಮತಭೇದ ಇಲ್ಲಣ್ಣ. ಎಲ್ರೂ ಬೀಳ್ತಾರೆ.

ಬಸಣ್ಣ: ನಿಮ್ಮ ಸೊರಬದಲ್ಲಿ ಸುಲಭ ಬಿಡಿ. ಚುನಾವಣೇಲಿ ಎದುರಾಳಿಗಳಿಬ್ರೂ ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರ ಮಕ್ಕಳೇ.

ತಿಮ್ಮಣ್ಣ: ಅದೇ ಕಷ್ಟ! ಇಬ್ರೂ ‘ನಮ್ಮೋರೇ’. ಅದಕ್ಕೇ 2018ರಲ್ಲಿ ಅಣ್ಣ, 2023ರಲ್ಲಿ ತಮ್ಮ. ನಿಮ್ಮಲ್ಲಿ?

ಬಸಣ್ಣ: 1983ರಲ್ಲಿ ಅಪ್ಪ ಯಡಿಯೂರಪ್ಪ ಗೆದ್ರು, 2023ರಲ್ಲಿ ಮಗ.

ಮಂಜ: ಖಾತೆ ಬದಲಾವಣೆ ಅನ್ನಿ. ನಮ್ಮ ಜಮೀನಿಂದು ಮಾತ್ರ ಇನ್ನೂ ಆಗಿಲ್ಲ.

ತಿಮ್ಮಣ್ಣ: 1951ರಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಭತ್ತ ಅಳೆಯೋ ಕೊಳಗದ ಅಳತೆ ಸರಿ ಮಾಡಿ ಅಂತ ಜೈಲಿಗೆ ಹೋದ್ರು. ಈಗ ಆ ಕೊಳಗದಲ್ಲಿ ನಮ್ಮನ್ನೇ ಅಳೀತಾರೆ.

ಬಸಣ್ಣ: ಮಂಜ, ನಿನ್ನಂಗಡೀಲಿ ಎಷ್ಟು ಮತ?

ಮಂಜ: ಎರಡೇ. ನಗದು, ಉದ್ರಿ.

ತಿಮ್ಮಣ್ಣ: ಬಸಣ್ಣ, ಹಾಗಾದ್ರೆ ನಾವಿಬ್ರೂ ಒಂದೇ ಕುಲ! ಬಹುಸಂಖ್ಯಾತರೂ ನಾವೇ!

ಮಂಜ: ಹೌದಣ್ಣ. ಟಿಕೆಟ್ ಮಾತ್ರ ನಗದಿನೋರಿಗೆ.